ಶಾಲೆಗೊಂದು ಪಡಸಾಲೆ
(ಪಾಲಕರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಪಟ್ಟಣದಲ್ಲಿ ಪ್ರಾಥಮಿಕ ಶಾಲೆ ಕಟ್ಟಿಸುವಾಗ ಕೊಠಡಿಗಳೆಷ್ಟು, ಖರ್ಚೆಷ್ಟು ಎಂದು ಎಲ್ಲರೂ ಕೇಳುತ್ತೇವೆ. ಸಂಜೆ ಗಂಟೆ ಬಾರಿಸಿದ ಮೇಲೆ ಆ ಕಟ್ಟಡ ಯಾರದೆಂದು ಕೇಳುವವರು ವಿರಳ. ನಾನು ಅರಿಕೆ ಮಾಡಬಯಸುವುದು ಆ ವಿಷಯವನ್ನೇ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದಂದಿನಿಂದ ಕೊಪ್ಪಳವು ಬೆಳೆಯುತ್ತಲೇ ಇದೆ. ಖಾಲಿ ಜಾಗ ಕರಗುತ್ತಲೇ ಇದೆ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಿಂದ ಜನರು ಗುಳೆ ಹೋಗುವುದಂತೂ ನಿಂತಿಲ್ಲ. ಅನೇಕ ಮಕ್ಕಳು ಅಜ್ಜಿಯ ಮಡಿಲಲ್ಲಿ ಉಳಿಯುತ್ತಾರೆ. ಒಂದೇ ಕೋಣೆಯ ಮನೆ. ಅಲ್ಲಿಯೇ ಒಲೆ, ಅಲ್ಲಿಯೇ ಹಾಸಿಗೆ. ಆ ಮಗು ಪುಸ್ತಕ ತೆರೆಯುವುದೆಲ್ಲಿ? ಅದೇ ಹೊತ್ತಿಗೆ ಎದುರಿನ ಶಾಲೆಗೆ ಬೀಗ ಬಿದ್ದಿರುತ್ತದೆ.

ಈ ತಪ್ಪನ್ನು ನಾನೂ ಮಾಡಿದವನು. ಹಿಂದೆ ಸೇವೆಯಲ್ಲಿದ್ದ ಊರೊಂದರಲ್ಲಿ ಶಾಲೆಯ ಸುತ್ತ ಎಂಟು ಅಡಿ ಗೋಡೆ ಎಬ್ಬಿಸಿ, ಮೇಲೆ ಗಾಜಿನ ಚೂರು ನೆಡಿಸಿದೆ. ವರ್ಷದೊಳಗೆ ಕಿಟಕಿಗಳು ಒಡೆದವು, ನಲ್ಲಿಗಳು ಕಾಣೆಯಾದವು. ಬೀದಿಯವರ ಕಣ್ಣಿಗೆ ಶಾಲೆ ಬೀಳದಂತೆ ಮಾಡಿದವನು ನಾನೇ ಅಲ್ಲವೇ?

ನಮ್ಮ ಹಳೆಯ ಮನೆಗಳಲ್ಲಿ ಬಂದವರು ಪಡಸಾಲೆಯಲ್ಲಿ ಕೂಡುತ್ತಿದ್ದರು. ಒಳಮನೆಯ ಬಾಗಿಲು ಬೇರೆ. ಶಾಲೆಗೂ ಈ ಕ್ರಮ ಒಪ್ಪುತ್ತದೆ. ಸಭಾಂಗಣ, ಗ್ರಂಥಾಲಯ, ಕುಡಿಯುವ ನೀರು ಬೀದಿಯ ಕಡೆಗಿರಲಿ. ತರಗತಿಗಳು ಒಳ ಅಂಗಳದ ಸುತ್ತ ಇದ್ದು, ಅವಕ್ಕೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಬೀಗ ಇರಲಿ. ಮಕ್ಕಳ ಶೌಚಾಲಯ ಒಳಗಿದ್ದು ಮಕ್ಕಳಿಗೇ ಮೀಸಲು. ಶಾಲೆ ನಡೆಯುವಾಗ ಹೊರಗಿನವರಾರೂ ಒಳ ಅಂಗಳವನ್ನು ತುಳಿಯಕೂಡದು. ತಾಯಂದಿರ ಅಂಜಿಕೆ ನ್ಯಾಯವಾದುದು. ಇದರಲ್ಲಿ ಸಡಿಲಿಕೆ ಸಲ್ಲದು. ತರಗತಿಗಳ ಉದ್ದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖಮಾಡಿದರೆ ನಮ್ಮ ಸೀಮೆಯ ಇಳಿಬಿಸಿಲು ನೇರವಾಗಿ ಒಳನುಗ್ಗದು. ಅಂಗಳದ ಬೇವಿನ ಮರವನ್ನಂತೂ ಉಳಿಸಿಕೊಂಡೇ ನಕ್ಷೆ ಬರೆಯಬೇಕು.

2002ರಲ್ಲಿ ಅಕ್ಷರ ದಾಸೋಹವು ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಡುಗೆಕೋಣೆಗಳೇನೋ ಆದವು, ಕುಳಿತು ಉಣ್ಣಲು ಎಷ್ಟೋ ಕಡೆ ಜಗುಲಿಯೇ ಗತಿ. ಒಂದೇ ಸಭಾಂಗಣ ಮಧ್ಯಾಹ್ನ ಊಟದ ಮನೆ, ಸಂಜೆ ಓದುವ ಮನೆ, ರಜಾದಿನ ಸ್ತ್ರೀಶಕ್ತಿ ಸಂಘದ ಸಭೆಯ ಮನೆ ಆಗಬಾರದೇಕೆ?

ಇದು ನನ್ನ ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರಿನಲ್ಲಿ ಶಿಕ್ಷಣಾಧಿಕಾರಿ ಹೆನ್ರಿ ಮೋರಿಸ್ ಅವರ ಯೋಜನೆಯಂತೆ 1930ರಲ್ಲಿ ಸಾಸ್ಟನ್ ಗ್ರಾಮದ ಶಾಲೆಯು ಮಕ್ಕಳಿಗೂ ಹಿರಿಯರಿಗೂ ಕೂಡಿಯೇ ತೆರೆಯಿತು. ಶಾಲೆಯ ಬಿಡುವಿನ ವೇಳೆಯಲ್ಲಿ ಕಟ್ಟಡವು ಸಮುದಾಯಕ್ಕೆ ಒದಗಲೆಂದು ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

ಸಂಜೆಯ ಬೀಗದ ಕೈ ಯಾರ ಬಳಿ ಇರಬೇಕು, ವಿದ್ಯುತ್ ಬಿಲ್ಲನ್ನು ಯಾರು ಕಟ್ಟಬೇಕು ಎಂಬುದಕ್ಕೆ ಮಾತ್ರ ನಕ್ಷೆಯಲ್ಲಿ ಉತ್ತರವಿಲ್ಲ. ಬರುವ ಭಾನುವಾರ ಬಲಿಪೂಜೆಯ ನಂತರ ಕುಳಿತು ತೀರ್ಮಾನಿಸೋಣ. ಶಾಲೆಯ ನೆರೆಯ ಮನೆಯವರು, ಅವರು ಯಾವ ಮತದವರೇ ಇರಲಿ, ಅವರನ್ನೂ ಕರೆತನ್ನಿ.