ಗೋಖಲೆಯವರು ಸೋತ ಮಸೂದೆ



ಅಕ್ಕಿಪೇಟೆಯ ಗಲ್ಲಿಗಳಿಂದ ಹೊರಟು ಚಾಮರಾಜಪೇಟೆ ದಾಟಿದರೆ, ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸಿಗುತ್ತದೆ. ಡಿ.ವಿ.ಜಿ. ಅದನ್ನು ಶುರುಮಾಡಿದ್ದು 1945ರಲ್ಲಿ. ಸ್ವಾತಂತ್ರ್ಯ ಬಾಗಿಲಿಗೆ ಬಂದಿತ್ತು. ಬಂದ ಮೇಲೆ ಅದನ್ನು ನಡೆಸಬೇಕಾದ ಪ್ರಜೆ ತಯಾರಾಗುವುದೆಲ್ಲಿ ಎಂಬ ಚಿಂತೆಗೆ ಅವರು ಕಂಡುಕೊಂಡ ದಾರಿ ಓದು, ಪಾಠ, ಚರ್ಚೆ. 1970ರಲ್ಲಿ ನಾಡು ಸನ್ಮಾನಿಸಿ ಒಪ್ಪಿಸಿದ ನಿಧಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಕಗ್ಗದ ಡಿ.ವಿ.ಜಿ. ನಮ್ಮ ಬಾಯಲ್ಲಿದ್ದಾರೆ, ರಾಜ್ಯಶಾಸ್ತ್ರ ಬರೆದ ಡಿ.ವಿ.ಜಿ. ಕಪಾಟಿನಲ್ಲೇ ಉಳಿದರೇನೋ.

ದೇಶ ಕಟ್ಟಿದವರ ಜಯಂತಿಗೆ ಹಾರ ಹಾಕುತ್ತೇವೆ. ಹಾರದ ಕೆಳಗಿನ ತಕರಾರುಗಳು ಓದಿದರೆ ಮಾತ್ರ ಕಾಣುತ್ತವೆ. ನಮ್ಮ ಕೆಂಗಲ್ ಹನುಮಂತಯ್ಯನವರನ್ನೇ ನೋಡಿ. ವೀಣೆಯ ನಾದ ಬಯಸಿದ್ದೆವು, ಇಂಗ್ಲಿಷ್ ಬ್ಯಾಂಡು ಕೇಳಿಸುತ್ತಿದೆ ಎಂಬರ್ಥದ ಮಾತನ್ನು ಅವರು ಸಂವಿಧಾನದ ಕರಡಿನ ಬಗ್ಗೆ ಸಂವಿಧಾನ ಸಭೆಯಲ್ಲೇ ಆಡಿದ್ದರು. ಅದೇ ಸಂವಿಧಾನದಡಿಯಲ್ಲಿ 1952ರಲ್ಲಿ ಮುಖ್ಯಮಂತ್ರಿಯೂ ಆದರು. ಭಿನ್ನಮತವನ್ನು ಆಗ ಯಾರೂ ದ್ರೋಹ ಎನ್ನಲಿಲ್ಲ.

ಡಿ.ವಿ.ಜಿ. ತಮ್ಮ ಸಂಸ್ಥೆಗೆ ಹೆಸರಿಟ್ಟುಕೊಂಡ ಗೋಖಲೆಯವರು ಗಾಂಧೀಜಿಯ ರಾಜಕೀಯ ಗುರು ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅವರ ಸೋಲು ನಮಗೆ ಅಷ್ಟಾಗಿ ಗೊತ್ತಿಲ್ಲ. 1911ರಲ್ಲಿ ವೈಸರಾಯರ ಶಾಸನ ಸಭೆಯಲ್ಲಿ ಅವರು ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿದರು. ಆರರಿಂದ ಹತ್ತು ವರ್ಷದ ಹುಡುಗರಿಗೆ ಶಾಲೆ ಕಡ್ಡಾಯ ಮಾಡುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗಿರಲಿ ಎಂದರು, ಅಷ್ಟೇ. ಹುಡುಗಿಯರ ಸರದಿ ಆಮೇಲೆ! ಇಂದು ಓದಿದರೆ, ಇಷ್ಟೇ ಕೇಳಿದರೇ ಎನಿಸುತ್ತದೆ. ಅದೂ ದಕ್ಕಲಿಲ್ಲ. 1912ರ ಮಾರ್ಚಿನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧ 38. ಹುಡುಗರೆಲ್ಲ ಶಾಲೆಗೆ ಹೋದರೆ ಹೊಲದ ಕೆಲಸದ ಗತಿಯೇನು ಎಂಬುದು ದೊಡ್ಡ ಜಮೀನುದಾರರ ಅಳಲು. ಮರುವರ್ಷವೇ ಮೈಸೂರು ಸಂಸ್ಥಾನ ತನ್ನ ಪಾಡಿಗೆ ಪ್ರಾಥಮಿಕ ಶಿಕ್ಷಣದ ಒಂದು ಕಾನೂನು ಮಾಡಿಕೊಂಡಿತು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬರಲು 2010ರ ಏಪ್ರಿಲ್ ಆಗಬೇಕಾಯಿತು. ಈಗ ಆರರಿಂದ ಹದಿನಾಲ್ಕು, ಹುಡುಗ ಹುಡುಗಿ ಇಬ್ಬರಿಗೂ.

ಈ ಚರಿತ್ರೆ ಗೊತ್ತಿದ್ದವರಿಗೆ ಆ ಹಕ್ಕು ಸರ್ಕಾರ ಕೊಟ್ಟ ಭಾಗ್ಯವಾಗಿ ಕಾಣದು. ಜಮೀನುದಾರರ ಅಳಲೂ ಸತ್ತಿಲ್ಲ. ಶಾಲೆಯ ಹೊತ್ತಿನಲ್ಲಿ ಪೇಟೆಯ ಅಂಗಡಿಗಳಿಗೆ ಟೀ ಹಂಚುವ ಹುಡುಗನನ್ನು ಕಂಡು, ‘ಪಾಪ, ಮನೆಗೆ ಆಸರೆಯಾಗಿದ್ದಾನೆ ಬಿಡಿ’ ಅಂದೆವೆನ್ನಿ, ಆ 38 ಮಂದಿಯ ಜೊತೆ ನಾವೂ ಕೈ ಎತ್ತಿದ ಹಾಗೆಯೇ.