ಮುಯ್ಯಿ ತಿರುಗಿ ಬರುತ್ತದೆ, ವರದಕ್ಷಿಣೆ ಬರುವುದಿಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಂದ ಬಂದಿರುವ ನಿಮಗೆ ಮುಯ್ಯಾಳು ಎಂದರೇನು ಎಂದು ನಾನು ಹೇಳಿಕೊಡಬೇಕಾಗಿಲ್ಲ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳಿದ್ದು ನನ್ನ ಗದ್ದೆಗೆ ನೀವು ಬರುತ್ತೀರಿ. ಕೈಗೆ ಕೂಲಿ ಬರುವುದಿಲ್ಲ, ಆದರೆ ಲೆಕ್ಕವೂ ತಪ್ಪುವುದಿಲ್ಲ. ಮದುವೆ ಮನೆಯಲ್ಲಿ ಹಾಕುವ ಮುಯ್ಯಿಯೂ ಹಾಗೆಯೇ. ಕೊಟ್ಟದ್ದು ಒಂದು ದಿನ ನಮ್ಮ ಮನೆಯ ಕಾರ್ಯಕ್ಕೆ ತಿರುಗಿ ಬರುತ್ತದೆ. ದುಡ್ಡಿಲ್ಲದವರು ಬದುಕಿದ್ದು ಹೀಗೆ. ನಮ್ಮ ಸಂಘದ ಉಳಿತಾಯವೂ ಮುಯ್ಯಿಯೇ. ಹತ್ತು ಹದಿನೈದು ಹೆಂಗಸರು ವಾರವಾರವೂ ಹಾಕಿದ ಹಣ ಸರದಿಯ ಮೇಲೆ ಒಬ್ಬೊಬ್ಬರ ಕಷ್ಟಕ್ಕೆ ಆಗುತ್ತದೆ.

ಆದರೆ ಒಂದೇ ಕಡೆಗೆ ಹರಿಯುವ ಹಣವೂ ನಮ್ಮಲ್ಲಿದೆ. ಅದೇ ವರದಕ್ಷಿಣೆ. ಅದು ಹೋದ ಮನೆಯಿಂದ ಏನೂ ತಿರುಗಿ ಬರುವುದಿಲ್ಲ. ಬಂದರೆ ಇನ್ನಷ್ಟು ಬೇಡಿಕೆ ಬರುತ್ತದೆ, ಕೆಲವೊಮ್ಮೆ ಮಗಳ ಹೆಣ ಬರುತ್ತದೆ. 1961ರಲ್ಲೇ ಕಾಯ್ದೆ ಅದನ್ನು ನಿಷೇಧಿಸಿದೆ. ಆದರೂ ಸಂಘದಲ್ಲಿ ‘ಮನೆ ಖರ್ಚಿಗೆ’ ಎಂದು ಬರೆಸಿ ಎತ್ತಿದ ಸಾಲ ಎಷ್ಟು ಸಲ ವರನ ಬೈಕಿಗೆ, ಸರಕ್ಕೆ ಹೋಗಿದೆ? ನಮ್ಮ ನಡಾವಳಿ ಪುಸ್ತಕವನ್ನು ನಾವೇ ಕೇಳಿಕೊಳ್ಳೋಣ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಪ್ರತಿವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿಗೆ ಬಂದು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರ ಒಬ್ಬರದು, ಹಕ್ಕಿ ಊರಿನದು. ಹುಣಸೆ ಫಸಲು ಹಾಳಾದರೂ ಜನ ಅವನ್ನು ಓಡಿಸುವುದಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಹಕ್ಕಿಗೆ ಇಷ್ಟು ದೊಡ್ಡ ತವರಾದ ಇದೇ ಜಿಲ್ಲೆಯಲ್ಲಿ 2023ರ ನವೆಂಬರಿನಲ್ಲಿ ಏನು ಬೆಳಕಿಗೆ ಬಂತು? ಬೆಲ್ಲ ಮಾಡುವ ಆಲೆಮನೆಯಲ್ಲಿ ಗರ್ಭದ ಕೂಸು ಗಂಡೋ ಹೆಣ್ಣೋ ಎಂದು ಕದ್ದು ನೋಡುವ ದಂಧೆ. ಹೆಣ್ಣು ಹುಟ್ಟಿದರೆ ವರದಕ್ಷಿಣೆ ಎಂಬ ಭಯವೂ ಆ ಪಾಪದ ಒಂದು ಬೇರು. ಇನ್ನು ಏಟು ತಿಂದು ತವರಿಗೆ ಬಂದ ಮಗಳಿಗೆ ‘ಹೊಂದಿಕೊಂಡು ಹೋಗವ್ವ’ ಎಂದು ಮರುದಿನದ ಬಸ್ಸು ಹತ್ತಿಸುತ್ತೇವೆ. ಕೊಕ್ಕರೆಗೆ ಸಿಕ್ಕ ತವರು ಅವಳಿಗೆ ಸಿಗಬಾರದೇ?

ಹೊಡೆತ ತಿಂದರೂ ಹೆಣ್ಣು ಏಕೆ ಅಲ್ಲೇ ಇರುತ್ತಾಳೆ? ಅವಳದು ಎನ್ನುವ ಆಸರೆ ಇಲ್ಲದ್ದರಿಂದ. ಹಿಂದೆ ಗೋಮಾಳದಲ್ಲಿ ಮೇಯಿಸಿದ ಎರಡು ಆಡು, ಕೆರೆ ಏರಿಯ ಹುಲ್ಲು, ಬೆಟ್ಟದ ಸೌದೆ ಅವಳ ಕೈಗಿಷ್ಟು ಕಾಸು ಕೊಡುತ್ತಿದ್ದವು. ಪಹಣಿಯಲ್ಲಿ ಅವಳ ಹೆಸರಿಲ್ಲದಿದ್ದರೂ ಊರೊಟ್ಟಿನ ನೆಲದಲ್ಲಿ ಅವಳಿಗೂ ಪಾಲಿತ್ತು. ಗೋಮಾಳ ಒತ್ತುವರಿಯಾದಾಗ, ಕೆರೆ ಹೂಳು ತುಂಬಿದಾಗ ಮೊದಲು ಹೋದದ್ದು ಆ ಕಾಸು. ಆಮೇಲೆ ಉಪ್ಪಿಗೂ ಗಂಡನ ಕೈ ನೋಡಬೇಕು. ಪ್ರತಿ 100 ಜಾನುವಾರಿಗೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿ 2022ರಲ್ಲಿ ತೀರಿಕೊಂಡರು. ಒಬ್ಬ ಕುರಿಗಾಹಿ ಅಷ್ಟು ಮಾಡಿದರೆ, ಊರೂರಲ್ಲಿರುವ ನಮ್ಮ ಸಂಘಗಳು ಗ್ರಾಮಸಭೆಯಲ್ಲಿ ‘ನಮ್ಮ ಗೋಮಾಳ ಎಲ್ಲಿದೆ, ಅಳತೆ ಮಾಡಿಸಿ’ ಎಂದು ಕೇಳಲಾರೆವೇ?

ಸೋದರಿಯರೇ, ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಸಂಘದ ಹಣ ವರದಕ್ಷಿಣೆಗೆ ಇಲ್ಲ ಎಂದು ಠರಾವು ಮಾಡೋಣ. ಇದು ಸುಲಭವಲ್ಲ. ನಾವು ಇಲ್ಲ ಎಂದರೆ ಅವಳು ಮೀಟರ್ ಬಡ್ಡಿಯವನ ಬಳಿ ಹೋಗುತ್ತಾಳೆ. ಆದ್ದರಿಂದ ಬರೀ ಇಲ್ಲ ಎನ್ನದೆ ಅವಳ ಮನೆಗೆ ಹೋಗಿ ಕೂರಬೇಕು, ಬೀಗರೊಡನೆ ಮಾತಾಡುವಾಗ ಅವಳ ಪಕ್ಕ ನಿಲ್ಲಬೇಕು. ನಮ್ಮಲ್ಲೇ ಗಂಡುಮಕ್ಕಳ ತಾಯಂದಿರಿದ್ದೇವೆ. ಕೇಳುವುದನ್ನು ನಾವು ಮೊದಲು ನಿಲ್ಲಿಸಬೇಕು.

ಎರಡು, ಉಳಿತಾಯದಲ್ಲಿ ಸ್ವಲ್ಪವನ್ನು ಆಪತ್ತಿನ ನಿಧಿಯಾಗಿ ಬೇರೆ ಇಡೋಣ. ರಾತ್ರೋರಾತ್ರಿ ಮನೆ ಬಿಟ್ಟ ಹೆಣ್ಣಿಗೆ ಬಸ್ ಚಾರ್ಜು, ಆಸ್ಪತ್ರೆ ಖರ್ಚು ಅಲ್ಲಿಂದ ಹೋಗಲಿ.

ಮೂರು, ಅವಳನ್ನು ಒಬ್ಬಳೇ ಠಾಣೆಗೆ ಕಳಿಸಬೇಡಿ. 181ಕ್ಕೆ ಫೋನ್ ಮಾಡಿ, ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಐದಾರು ಜನ ಜೊತೆಗೆ ಹೋಗಿ. ಮನೆ ಯಾರ ಹೆಸರಿನಲ್ಲೇ ಇರಲಿ, ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ಕೊಟ್ಟಿದೆ.

ನಾಟಿಗೆ ಮುಯ್ಯಾಳು ಹೋಗುವ ನಾವು ಕಣ್ಣೀರಿಗೂ ಮುಯ್ಯಾಳು ಹೋಗೋಣ. ಇವತ್ತು ಅವಳ ಬಾಗಿಲಿಗೆ ನಾವು ಹೋದರೆ ನಾಳೆ ನಮ್ಮ ಬಾಗಿಲಿಗೆ ಅವಳು ಬರುತ್ತಾಳೆ.