ಕಡಲೂರಿನ ಶರತ್ಕಾಲ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ಬಲ್ಲ ಹಿರಿಯರು ಈ ವೇದಿಕೆಯಲ್ಲಿ ಅದನ್ನು ಹೇಳಲಿದ್ದಾರೆ. ಹಳೆ ವಿದ್ಯಾರ್ಥಿಗಳ ಪರವಾಗಿ ನಮಗೆ ವಹಿಸಿದ ವಿಷಯ ನಮ್ಮ ಕುಂಬಳೆಯ ಶರತ್ಕಾಲ. ಆಶ್ವಯುಜ, ಕಾರ್ತಿಕಗಳೆಂಬ ಎರಡು ಮಾಸಗಳು ಈ ಸಣ್ಣ ಕಡಲೂರಿನ ಜನರನ್ನು ಹೇಗೆ ಒಟ್ಟುಗೂಡಿಸುತ್ತವೆ, ಆ ಕೂಟಕ್ಕೂ ಕನ್ನಡ ಶಾಲೆಗೂ ಇರುವ ನಂಟು ಯಾವುದು ಎಂಬುದನ್ನು ತಮ್ಮೊಂದಿಗೆ ಯೋಚಿಸಲು ಬಯಸುತ್ತೇವೆ.

ಮಳೆಗಾಲದಲ್ಲಿ ನಮ್ಮ ಊರು ಮನೆಮನೆಯಾಗಿ ಬೇರ್ಪಟ್ಟಿರುತ್ತದೆ. ಬೇಶ ತಿಂಗಳ ಹತ್ತನೆಯ ದಿನ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲಗಳು ನಿಲ್ಲುತ್ತವೆ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನಗಳ ಕಾಲ, ಕೇರಳದ ಕಡಲಿನಲ್ಲಿ ಟ್ರಾಲ್ ದೋಣಿಗಳಿಗೆ ನಿಷೇಧ. ಆಟಿಯ ಅಬ್ಬರದಲ್ಲಿ ಸಣ್ಣ ದೋಣಿಗಳೂ ಕೋಯಿಪಾಡಿ ಕಡಪ್ಪುರದ ಮರಳಿನ ಮೇಲೆ ಮಲಗಿರುತ್ತವೆ. ಚೌತಿ ಕಳೆದು ಮಳೆ ಹಿಮ್ಮೆಟ್ಟಿದಾಗ ಈ ಮೌನ ಮುರಿಯುತ್ತದೆ. ತುಳುವಿನಲ್ಲಿ ನಿರ್ನಾಲ, ಬೊಂತೆಲ್ ಎಂದು ಕರೆಯುವ ಕನ್ಯಾ, ತುಲಾ ಮಾಸಗಳಲ್ಲಿ ಏಣೆಲಿನ ಪೈರು ಮಾಗಿ ಕಟಾವಿಗೆ ಬರುತ್ತದೆ. ಮಧ್ಯಾಹ್ನ ಕಳೆದರೆ ಮೂಡಣದಲ್ಲಿ ತುಲಾವರ್ಷದ ಗುಡುಗು. ಅಂಗಳದಲ್ಲಿ ಹರವಿದ ಬೈಹುಲ್ಲನ್ನು ಎತ್ತಲು ನೆರೆಕರೆಯವರೂ ಓಡಿಬರುತ್ತಾರೆ. ದೋಣಿಗಳು ಬೂತಾಯಿ, ಬಂಗುಡೆಗಳನ್ನು ತುಂಬಿಕೊಂಡು ಮರಳುತ್ತವೆ.

ಹೊಸ ಬೆಳೆ ಮೊದಲು ಸೇರುವುದು ಪೂಜೆಯ ಸ್ಥಳವನ್ನು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತ ಬಂಧುಗಳು ಇಗರ್ಜಿಯಲ್ಲಿ ಹರಸಿದ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಹಿಂದೂ ಮನೆಗಳಲ್ಲಿ ತೆನೆಯನ್ನು ಬಾಗಿಲಿಗೂ ನೇಗಿಲಿಗೂ ಕಟ್ಟುತ್ತಾರೆ; ತುಳುವರು ಇದನ್ನು ಕುರಲ್ ಕಟ್ಟುವುದು ಎನ್ನುತ್ತಾರೆ. ತುಲಾ ಸಂಕ್ರಮಣದ ದಿನ ಮುಜುಂಗಾವು ಪಾರ್ಥಸಾರಥಿ ದೇವಳದ ಕೆರೆಯಲ್ಲಿ ಕಾವೇರಿ ತೀರ್ಥಸ್ನಾನ. ಅಕ್ಕಿ, ಹುರುಳಿಗಳನ್ನು ಕೆರೆಗೆ ಅರ್ಪಿಸಿ ಮಿಂದರೆ ಚರ್ಮವ್ಯಾಧಿಗಳು ಕಳೆಯುತ್ತವೆಂಬ ನಂಬಿಕೆಯಿಂದ ಮುಂಜಾನೆಯೇ ಜನ ಸಾಲುಗಟ್ಟುತ್ತಾರೆ. ಅಡೂರು, ಮಧೂರು, ಕಣಿಪುರಗಳೊಂದಿಗೆ ಮುಜುಂಗಾವೂ ಕುಂಬಳೆ ಸೀಮೆಯ ನಾಲ್ಕು ಮುಖ್ಯ ದೇವಳಗಳಲ್ಲಿ ಒಂದು. ಹಾಗಾಗಿ ಇಡೀ ಸೀಮೆ ಮಳೆಗಾಲದ ಬಳಿಕ ಒಮ್ಮೆ ಮುಖಾಮುಖಿಯಾಗುವುದು ಅಲ್ಲಿಯೇ.

ನವರಾತ್ರಿಯಲ್ಲಿ ಹುಲಿವೇಷದ ತಾಸೆಯ ಸದ್ದು ಬೀದಿ ತುಂಬುತ್ತದೆ, ವಿಜಯದಶಮಿಯಂದು ಅಕ್ಷರಾಭ್ಯಾಸ. ಹರಿವಾಣದ ಅಕ್ಕಿಯ ಮೇಲೆ ಒಂದು ಮಗುವಿನ ಬೆರಳು ಕನ್ನಡದ ಅಕ್ಷರವನ್ನು ತಿದ್ದಿದರೆ, ಪಕ್ಕದ ಮಗುವಿನ ಬೆರಳು ಮಲಯಾಳದ ‘ಹರಿಶ್ರೀ’ಯನ್ನು ತಿದ್ದುತ್ತದೆ. ಎರಡನ್ನೂ ಒಂದೇ ಅಂಗಳದಲ್ಲಿ ಕಾಣುವ ಭಾಗ್ಯ ನಮ್ಮಂಥ ಊರುಗಳದ್ದು. ಬಲಿಯೂ ನಮ್ಮಲ್ಲಿಗೆ ವರ್ಷಕ್ಕೆ ಎರಡು ಬಾರಿ ಬರುತ್ತಾನೆ. ಓಣಂ ರಜೆಯಲ್ಲಿ ಮಕ್ಕಳು ಹೂವಿನ ರಂಗೋಲಿ ಹಾಕಿ ಮಹಾಬಲಿಯನ್ನು ಎದುರುಗೊಳ್ಳುತ್ತಾರೆ. ದೀಪಾವಳಿಯಲ್ಲಿ ಪಾಲೆ ಮರದ ಕೊಂಬೆ ನೆಟ್ಟು, ಹೂ ಮುಡಿಸಿ, ದೀಪವಿಟ್ಟು ‘ಕೂ’ ಎಂದು ಬಲೀಂದ್ರನನ್ನು ಕರೆಯುತ್ತಾರೆ. ಚಂದ್ರಗಿರಿ ಹೊಳೆಯ ತೆಂಕಣ ಭಾಗದಲ್ಲಿ ಇದೇ ಬಲೀಂದ್ರ ಮಲಯಾಳದ ಪೊಲಿಯಂದ್ರನಾಗುತ್ತಾನೆ. ತುಲಾ ಮಾಸದ ಹತ್ತಕ್ಕೆ ಅಲ್ಲಿ ತೆಯ್ಯಂಗಳ ಕಾಲ ಆರಂಭ; ದೀಪಾವಳಿ ಕಳೆದರೆ ಇಲ್ಲಿ ಕೋಲಗಳ, ಮೇಳಗಳ ತಿರುಗಾಟ.

ಮೇಳ ಎಂದೊಡನೆ ಕಣಿಪುರ ಗೋಪಾಲಕೃಷ್ಣನ ಸನ್ನಿಧಿಯೂ ಪಾರ್ತಿಸುಬ್ಬನೂ ನೆನಪಾಗಬೇಕು. ರಾಮಾಯಣದ ಪ್ರಸಂಗಗಳನ್ನು ರಚಿಸಿದ ಆ ಕವಿಯನ್ನು ತೆಂಕುತಿಟ್ಟಿನ ಪರಂಪರೆ ಯಕ್ಷಗಾನದ ಪಿತಾಮಹನೆಂದು ಗೌರವಿಸುತ್ತ ಬಂದಿದೆ. ನಮ್ಮ ಮುಖ್ಯ ವಿಚಾರ ಆರಂಭವಾಗುವುದು ಇಲ್ಲಿಂದ.

ಈ ಸಭೆಯಲ್ಲಿ ಕುಳಿತವರ ಮನೆಮಾತುಗಳನ್ನು ಎಣಿಸೋಣ. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ. ಕನ್ನಡವನ್ನು ತೊಟ್ಟಿಲಲ್ಲಿ ಕೇಳಿದವರು ನಮ್ಮಲ್ಲಿ ಕೆಲವರೇ. ಮಿಕ್ಕವರಿಗೆ ಅದನ್ನು ಕೊಟ್ಟದ್ದು ಈ ಶಾಲೆ. ಮನೆಯಿಂದ ಹೊರಟು ನಾಲ್ಕು ಜನ ಸೇರುವಲ್ಲಿಗೆ ಬಂದಾಗ, ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ, ಸಂಘದ ವರದಿಯಲ್ಲಿ, ಭಾಗವತರ ಪದದಲ್ಲಿ, ಅರ್ಥಧಾರಿಯ ವಾದದಲ್ಲಿ ಕನ್ನಡವಿತ್ತು. ಅದು ಬೇರೆ ಮನೆಮಾತಿನ ನೆರೆಕರೆಯವರೆಲ್ಲ ಕೂಡುವ ಅಂಗಳದ ಭಾಷೆಯಾಯಿತು. ಶರತ್ಕಾಲದ ಕೂಟಗಳು ಆ ಅಂಗಳದಲ್ಲಿ ಬೆಳೆದವು.

ಆ ಅಂಗಳ ಈಗ ಕಿರಿದಾಗುತ್ತಿದೆಯೆಂಬ ಆತಂಕ ನಮ್ಮದು. ವಾಲಿವಧೆಯ ರಾತ್ರಿ, ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಚೆಂಡೆಯ ಸದ್ದು ಎಲ್ಲ ಮಕ್ಕಳಿಗೂ ಕೇಳಿಸುತ್ತದೆ. ಆ ಪ್ರಶ್ನೆ ಕೇಳಿಸಬೇಕಾದರೆ ಕನ್ನಡ ಬೇಕು. ಕೇರಳ ರಾಜ್ಯ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕನ್ನಡದ ಪರಿಚಯವಿಲ್ಲದ ಜಿಲ್ಲೆಗಳ ಮಕ್ಕಳೂ ಮಾತುಗಳನ್ನು ಕಂಠಪಾಠ ಮಾಡಿ ವೇಷ ಕಟ್ಟುತ್ತಾರೆ. ಅವರ ಶ್ರಮಕ್ಕೆ ನಮ್ಮ ಗೌರವವಿದೆ. ಆದರೆ ಪಾರ್ತಿಸುಬ್ಬನ ಊರಿನ ಮಕ್ಕಳೂ ಅರ್ಥ ತಿಳಿಯದೆ ಕಂಠಪಾಠ ಮಾಡುವ ದಿನ ಬಂದರೆ ಆ ನಷ್ಟಕ್ಕೆ ಪರಿಹಾರವಿಲ್ಲ.

ಕಡಪ್ಪುರ ನಮಗೆ ಇದರ ಒಂದು ಪಾಠವನ್ನು ಹೇಳಿದೆ. ರಂಪಣಿ ಬಲೆ ಎಳೆಯಲು ಹತ್ತಾರು ಕೈಗಳು ಬೇಕಿದ್ದವು. ಎಳೆದವರಿಗೆಲ್ಲ ಪಾಲು ಇತ್ತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಪರ್ಸಿನ್ ದೋಣಿಗಳು ಹೆಚ್ಚಿದ ಬಳಿಕ ಈ ಕರಾವಳಿಯಲ್ಲಿ ದೊಡ್ಡ ರಂಪಣಿಗಳು ಮರೆಯಾದವು. ಬಲೆಯೊಂದಿಗೆ ಬಲೆಯ ಭಾಗಗಳ ಹೆಸರುಗಳೂ ಹೋದವು, ಕೂಡಿ ಎಳೆಯುವ ಅಭ್ಯಾಸವೂ ಹೋಯಿತು. ಭಾಷೆಯನ್ನೂ ಒಬ್ಬರೇ ಎಳೆದು ದಡ ಸೇರಿಸಲಾಗದು.

ನವೆಂಬರ್ 1ರ ಮಾತನ್ನು ಈ ಊರಿನಲ್ಲಿ ಹೇಳದೆ ಇರುವಂತಿಲ್ಲ. ಈ ಶಾಲೆ ಹುಟ್ಟಿದಾಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಅಂದೇ ವಿಶಾಲ ಮೈಸೂರು ರಾಜ್ಯವೂ ಹುಟ್ಟಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು, ಅದು ಕಾರ್ಯಗತವಾಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ಆ ನೋವನ್ನು ಜೀವಮಾನವಿಡೀ ಹೊತ್ತು ಹೋರಾಡಿದರು. ಇಂದಿಗೂ ಆ ದಿನದ ಬೆಳಗ್ಗೆ ಕೇರಳದ ಹುಟ್ಟುಹಬ್ಬವೂ ಕನ್ನಡದ ನೆನಪೂ ನಮ್ಮ ಮನಸ್ಸಿನಲ್ಲಿ ಒಟ್ಟಿಗೆ ಏಳುತ್ತವೆ. ಮಲಯಾಳವನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅದು ನೆರೆಯವರ ಭಾಷೆ, ನಾವು ಬದುಕುವ ರಾಜ್ಯದ ಭಾಷೆ. ಆದರೆ ಕನ್ನಡ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಕೇಳುವುದು ಯಾರ ಮೇಲಣ ದ್ವೇಷವೂ ಅಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳ ಪ್ರಾಥಮಿಕ ಶಿಕ್ಷಣದ ಬಗ್ಗೆ ಸಂವಿಧಾನದ 350ಎ ವಿಧಿ ತೋರಿದ ದಾರಿಯೂ ಅದೇ.

ಗಡಿಯ ತೀರ್ಮಾನ ನಮ್ಮ ಕೈಯಲ್ಲಿರಲಿಲ್ಲ. ಮಗುವನ್ನು ಯಾವ ತರಗತಿಯಲ್ಲಿ ಕೂರಿಸಬೇಕೆಂಬುದು ನಮ್ಮ ಕೈಯಲ್ಲಿದೆ. ಹೆತ್ತವರಲ್ಲಿ ನಮ್ಮ ಬಿನ್ನಹ ಇಷ್ಟೆ: ಮುಂದಿನ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕ ತೆರೆಯುವಾಗ ನಿಮ್ಮ ಮಗುವಿನ ಹೆಸರು ಅದರಲ್ಲಿರಲಿ. ಅಧ್ಯಾಪಕರಲ್ಲಿ ಕೋರಿಕೆ: ಭತ್ತ, ಮೀನು, ಬಲೆ, ತಿಂಗಳುಗಳ ಹೆಸರುಗಳನ್ನು ಮಕ್ಕಳು ಅಜ್ಜ ಅಜ್ಜಿಯರಿಂದ ಕೇಳಿ, ಮನೆಮಾತು ಯಾವುದೇ ಇರಲಿ, ಕನ್ನಡ ಲಿಪಿಯಲ್ಲಿ ಬರೆದಿಡುವಂತಾಗಲಿ. ಹಳೆ ವಿದ್ಯಾರ್ಥಿಗಳಾದ ನಮ್ಮ ಹೊಣೆಯನ್ನೂ ಹೇಳಿಬಿಡುತ್ತೇವೆ. ದೀಪಾವಳಿಗೆ ಮುಂಬಯಿ, ಬೆಂಗಳೂರು, ಗಲ್ಫ್‌ಗಳಿಂದ ಊರಿಗೆ ಬರುವ ನಾವು, ಪ್ರತಿವರ್ಷ ಒಂದು ಸಂಜೆ ಈ ಅಂಗಳದಲ್ಲಿ ಮಕ್ಕಳೊಂದಿಗೆ ಕೂತು ತಾಳಮದ್ದಳೆ ನಡೆಸುತ್ತೇವೆ. ಅರ್ಥ ಹೇಳುವವರು ಮಕ್ಕಳೇ ಆಗಿರಲಿ, ನಾವು ಕೇಳುವವರಾಗಿರುತ್ತೇವೆ.